ಐಸಿಯುಗೆ ಕೊಡ್ತಾರಂತೆ, ಇನ್ಸುಲಿನ್‌ಗೆ ಕೊಡಲ್ವಂತೆ

ಭಾಗ 1/5

ಫೋಟೋದಲ್ಲಿರೋದು ನಮ್ಮನೆ ಫ್ರಿಡ್ಜಿನ ಬಾಗಿಲು. ಮೊಟ್ಟೆ ಇಡೋ ಜಾಗದಲ್ಲಿರೋದು ನನ್ನ ಇನ್ಸುಲಿನ್.

ನಂಗೆ ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾಗಿದ್ದು ಆರನೇ ಕ್ಲಾಸಲ್ಲಿ. "ಚಿಕ್ಕೋಳಿದ್ದಾಗ ಸ್ವೀಟ್ ಜಾಸ್ತಿ ತಿಂತಿದ್ಯಾ?" ಅಂತ ಈಗಲೂ ಕೇಳೋರಿದ್ದಾರೆ. ಇದು ಸ್ವೀಟ್‌ನಿಂದ ಬಂದಿದ್ದಲ್ಲ. ಇನ್ಸುಲಿನ್ ತಯಾರಿಸೋ ಜೀವಕೋಶಗಳನ್ನ ನನ್ನ ದೇಹದ ರೋಗನಿರೋಧಕ ಶಕ್ತಿಯೇ ನಾಶ ಮಾಡಿದೆ. ಹಾಗಾಗಿ ದಿನಕ್ಕೆ ನಾಲ್ಕು ಇಂಜೆಕ್ಷನ್, ಬದುಕಿರೋ ತನಕ.

ಎರಡು ಥರದ ಇನ್ಸುಲಿನ್, ಸೂಜಿ, ಶುಗರ್ ನೋಡೋ ಸ್ಟ್ರಿಪ್ ಎಲ್ಲ ಸೇರಿ ನಮ್ಮನೇಲಿ ತಿಂಗಳಿಗೆ ಹತ್ತಿರ ಹತ್ತಿರ 5,000 ರೂಪಾಯಿ. ವರ್ಷಕ್ಕೆ 60,000. ಅಪ್ಪಂದು ತುಮಕೂರಲ್ಲಿ ಒಂದು ಸಣ್ಣ ಸ್ಟೇಷನರಿ ಅಂಗಡಿ. ಜೂನ್ ತಿಂಗಳು ಬಿಟ್ರೆ ವ್ಯಾಪಾರ ಅಷ್ಟಕ್ಕಷ್ಟೆ. ಉಳಿದ ಲೆಕ್ಕ ನೀವೇ ಹಾಕ್ಕೊಳ್ಳಿ.

ಭಾಗ 2/5

ಹೋದ ತಿಂಗಳು ಅಪ್ಪನ ಪರಿಚಯದ ಇನ್ಶೂರೆನ್ಸ್ ಏಜೆಂಟ್ ಒಬ್ಬರು ಮನೆಗೆ ಬಂದಿದ್ರು. ಕಾಫಿ ಕುಡೀತಾ ನನ್ನ ಹೆಸರಲ್ಲಿ ಫಾರ್ಮ್ ತುಂಬ್ತಾ ಇದ್ರು. ಮೊದಲೇ ಯಾವುದಾದ್ರೂ ಕಾಯಿಲೆ ಇದೆಯಾ ಅನ್ನೋ ಪ್ರಶ್ನೆ ಬಂದಾಗ ಪೆನ್ನು ನಿಲ್ಲಿಸಿದ್ರು.

"ಇಲ್ಲ ಅಂತ ಹಾಕ್ಬಿಡೋಣ ಸಾರ್. ಇದೆ ಅಂತ ಬರೆದ್ರೆ ಕೊಡೋದೇ ಕಷ್ಟ. ಐದು ವರ್ಷ ಕಳೆದ್ಮೇಲೆ ಯಾರೂ ಕೇಳಂಗಿಲ್ಲ."

ಚಿಲ್ಲರೆ ಒಂದು ರೂಪಾಯಿ ಜಾಸ್ತಿ ಬಂದ್ರೂ ಗಿರಾಕಿನ ಕೂಗಿ ವಾಪಸ್ ಕೊಡೋ ಮನುಷ್ಯ ನಮ್ಮಪ್ಪ. ಅವತ್ತು ತಕ್ಷಣ ಬೇಡ ಅನ್ಲಿಲ್ಲ. ನನ್ನ ಕಡೆ ತಿರುಗಿ, "ಏನ್ ಮಾಡೋಣಮ್ಮ?" ಅಂದ್ರು. ನನ್ನ ಕಾಯಿಲೆ ಅಪ್ಪನ್ನ ಎಲ್ಲಿಗೆ ತಂದು ನಿಲ್ಲಿಸಿದೆ ಅಂತ ನಂಗೆ ಆವಾಗ ಅರ್ಥ ಆಯ್ತು.

ಏಜೆಂಟ್ ಹೇಳಿದ್ದರಲ್ಲಿ ಅರ್ಧ ಮಾತ್ರ ನಿಜ. 2024ರಲ್ಲಿ ಐಆರ್‌ಡಿಎಐ ನಿಯಮ ಬದಲಾಯ್ತು. ಸತತ 60 ತಿಂಗಳು ಪಾಲಿಸಿ ನಡೆಸಿದ್ರೆ, ಆಮೇಲೆ "ನೀವು ಮೊದಲು ಹೇಳಿರಲಿಲ್ಲ" ಅಂತ ಕ್ಲೈಮ್ ತಳ್ಳಿಹಾಕೋ ಹಾಗಿಲ್ಲ. ಆದ್ರೆ ಮೋಸ ಸಾಬೀತಾದ್ರೆ ಈ ರಕ್ಷಣೆ ಇಲ್ಲ. ಬೇಕಂತಲೇ ಮುಚ್ಚಿಟ್ಟಿದ್ದನ್ನ ಇನ್ನೇನಂತ ಕರೀತಾರೆ? ಅದೂ ಅಲ್ದೆ, ಐದು ವರ್ಷದೊಳಗೆ ನಾನು ಆಸ್ಪತ್ರೆ ಸೇರಿದ್ರೆ ಡಾಕ್ಟರ್ ಕೇಳೋ ಮೊದಲ ಪ್ರಶ್ನೆನೇ "ಶುಗರ್ ಎಷ್ಟು ವರ್ಷದಿಂದ?" ಉತ್ತರ ಡಿಸ್ಚಾರ್ಜ್ ಸಮ್ಮರಿಲಿ ಇರುತ್ತೆ. ಕ್ಲೈಮೂ ಹೋಯ್ತು, ಪಾಲಿಸಿನೂ ಹೋಯ್ತು.

ಪೆನ್ ಇಸ್ಕೊಂಡು ನಾನೇ "ಹೌದು" ಅಂತ ಬರೆದೆ.

ಭಾಗ 3/5

"ಹೌದು" ಅಂತ ಬರೆದಿದ್ದಕ್ಕೆ ಏನಾಯ್ತು? ಆ ಕಂಪನಿ ಆಗಲ್ಲ ಅಂತು. ಇನ್ನೊಂದು ಕಂಪನಿ ಒಪ್ಕೊಳ್ತು, ಆದ್ರೆ ನನ್ನ ರೂಮ್‌ಮೇಟ್‌ಗೆ ಹೇಳಿದ ಪ್ರೀಮಿಯಂನ ಎರಡು ಪಟ್ಟಿಗಿಂತ ಜಾಸ್ತಿ. ಇಬ್ಬರಿಗೂ 21 ವರ್ಷ, ಇಬ್ಬರದ್ದೂ 5 ಲಕ್ಷದ ಪಾಲಿಸಿ. ಜೊತೆಗೆ ಡಯಾಬಿಟಿಸ್‌ಗೆ ಸಂಬಂಧಪಟ್ಟಿದ್ದಕ್ಕೆ ಮೂರು ವರ್ಷ ಕಾಯಬೇಕು. ನಿಯಮದ ಪ್ರಕಾರ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು, ಮೊದಲು ಅದು 48 ಇತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿ ಮೇಲಿದ್ದ 18% ಜಿಎಸ್‌ಟಿ ತೆಗೆದಿದ್ದಾರೆ. ಅಷ್ಟರ ಮಟ್ಟಿಗೆ ಥ್ಯಾಂಕ್ಸ್.

ಆದ್ರೆ ನಂಗೆ ನಿಜವಾಗಿ ಕೋಪ ಬಂದಿದ್ದು ಬೇರೆ ವಿಷಯಕ್ಕೆ. ನಾನು ಇನ್ಸುಲಿನ್ ಬಿಟ್ರೆ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಕೀಟೋನ್ ಆಮ್ಲ ಏರಿ ಐಸಿಯು ಸೇರ್ತೀನಿ. ಮೂರು ವರ್ಷ ಕಾದ ಮೇಲೆ ಆ ಐಸಿಯು ಬಿಲ್ ಪಾಲಿಸಿ ಕಟ್ಟುತ್ತೆ. ಐಸಿಯು ಸೇರದ ಹಾಗೆ ನೋಡ್ಕೊಳ್ಳೋ ಇನ್ಸುಲಿನ್‌ಗೆ ಮಾತ್ರ ಒಂದು ಪೈಸೆ ಇಲ್ಲ, ಯಾಕಂದ್ರೆ ಅದು ಮೆಡಿಕಲ್ ಶಾಪ್ ಬಿಲ್. ಸರ್ಕಾರದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕೂಡ ಮುಖ್ಯವಾಗಿ ಆಸ್ಪತ್ರೆ ಚಿಕಿತ್ಸೆಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ನಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30% ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ.

ದಿನಾ ಇರೋ ಕಾಯಿಲೆಗೆ ದಿನಾ ಖರ್ಚು. ವಿಮೆ ಲೆಕ್ಕ ಹಾಕೋದು ಮಾತ್ರ ಮಂಚ ಹಿಡಿದ ದಿನಗಳನ್ನ.

ಭಾಗ 4/5

ನಮ್ಮ ಕ್ಲಾಸಲ್ಲೇ ಒಬ್ಬ ಹೇಳ್ದ: "ಬೆಂಕಿ ಬಿದ್ದ ಮನೆಗೆ ಯಾರು ಇನ್ಶೂರೆನ್ಸ್ ಕೊಡ್ತಾರೆ ಹೇಳು?" ತಪ್ಪು ತಿಳ್ಕೊಬೇಡಿ, ಅವನ ಮಾತಲ್ಲಿ ಅರ್ಥ ಇದೆ. ಕಾಯಿಲೆ ಬಂದ್ಮೇಲೆ ಮಾತ್ರ ಎಲ್ಲರೂ ಸೇರಿದ್ರೆ ಹುಂಡಿ ಖಾಲಿ.

ಆದ್ರೆ ಇದನ್ನೂ ನೋಡಿ. ಪ್ಲೇಸ್‌ಮೆಂಟ್‌ನಲ್ಲಿ ನಂಗೆ ಬೆಂಗಳೂರಿನ ಒಂದು ಕಂಪನಿ ಆಫರ್ ಕೊಟ್ಟಿದೆ. ಅಲ್ಲಿ ಉದ್ಯೋಗಿಗಳಿಗೆ ಗುಂಪು ವಿಮೆ ಇದೆ. ಮೊದಲ ದಿನದಿಂದಲೇ ಹಳೇ ಕಾಯಿಲೆಗೂ ಕವರ್. ನಂಗೇನಿದೆ ಅಂತ ಯಾರೂ ಕೇಳಲಿಲ್ಲ. ನೂರಾರು ಜನ ಒಟ್ಟಿಗಿರೋದ್ರಿಂದ ನನ್ನ ಖರ್ಚು ಎಲ್ಲರಲ್ಲೂ ಹಂಚಿಹೋಗುತ್ತೆ.

ಅದೇ ನಾನು, ಅದೇ ಡಯಾಬಿಟಿಸ್. ಒಬ್ಬಳೇ ಹೋದ್ರೆ ಬೆಂಕಿ ಬಿದ್ದ ಮನೆ, ಗುಂಪಲ್ಲಿ ಹೋದ್ರೆ ಎಲ್ಲರಂಥ ಉದ್ಯೋಗಿ. ಅಂದ್ರೆ ಸಮಸ್ಯೆ ನನ್ನ ಕಾಯಿಲೆ ಒಂದೇ ಅಲ್ಲ, ನಾನು ಯಾವ ಬಾಗಿಲಿಂದ ಒಳಗೆ ಹೋಗ್ತೀನಿ ಅನ್ನೋದೂ ಹೌದು. ಅಂಗಡಿಯವರ ಮಕ್ಕಳಿಗೆ, ಆಟೋ ಓಡಿಸೋರಿಗೆ, ಕೆಲಸ ಹುಡುಕ್ತಿರೋರಿಗೆ ಆ ಬಾಗಿಲೇ ಇಲ್ಲ.

ಭಾಗ 5/5

ನಂಗೆ ಎಂಎಸ್ಸಿ ಬಾಟನಿ ಮಾಡ್ಬೇಕು ಅಂತ ಇತ್ತು. ಮೊನ್ನೆ ಆಫರ್ ಲೆಟರ್‌ಗೆ ಸೈನ್ ಮಾಡ್ದೆ. ಸಂಬಳಕ್ಕಿಂತ ಹೆಚ್ಚಾಗಿ ಆ ಇನ್ಶೂರೆನ್ಸ್ ಕಾರ್ಡ್‌ಗೋಸ್ಕರ. ಕೆಲಸ ಬಿಟ್ಟ ದಿನ ಅದೂ ಹೋಗುತ್ತೆ ಅಂತ ಗೊತ್ತು. ಅದಕ್ಕೆ ಆ ದುಬಾರಿ ಪಾಲಿಸಿನೂ ಮೊದಲ ಸಂಬಳದಲ್ಲಿ ಶುರು ಮಾಡ್ತೀನಿ. ಕಾಯೋ ಮೂರು ವರ್ಷ ಈಗಿನಿಂದಲೇ ಕಳೀಲಿ.

ನಿಮಗೆ ಹೇಳೋದಿಷ್ಟೇ. ಆರೋಗ್ಯವಾಗಿರುವಾಗಲೇ ಪಾಲಿಸಿ ತಗೊಳ್ಳಿ. ಫಾರ್ಮ್ ನೀವೇ ಓದಿ, ಏಜೆಂಟ್ ಕೈಯಲ್ಲಿ ತುಂಬಿಸಬೇಡಿ. ಕಾಯಿಲೆ ಇದ್ರೆ ಬರೀರಿ.

ಅವತ್ತು ಏಜೆಂಟ್ ಹೋದ್ಮೇಲೆ ಅಪ್ಪ ತುಂಬ ಹೊತ್ತು ಸುಮ್ಮನೆ ಕೂತಿದ್ರು. ಆಮೇಲೆ, "ಒಳ್ಳೇದ್ ಮಾಡ್ದೆ ಕಣಮ್ಮ" ಅಂದು ಅಂಗಡಿ ಬೀಗದ ಕೈ ತಗೊಂಡು ಹೊರಟ್ರು.

ನಿಮ್ಮನೇಲೂ ಇಂಥ ಫಾರ್ಮ್ ಬಂದಿತ್ತಾ? ಏನ್ ಬರೆದ್ರಿ? ಕಾಮೆಂಟಲ್ಲಿ ಬೇಡ ಅನಿಸಿದ್ರೆ ಮೆಸೇಜ್ ಮಾಡಿ.

#ಟೈಪ್1 #ಇನ್ಸುಲಿನ್ #ಆರೋಗ್ಯವಿಮೆ #ಕನ್ನಡದಲ್ಲಿ