ಹೊತ್ತಿಕೊಳ್ಳದ ಒಲೆ

ವೀರಶೈವರಿಗೆ ಸಗಣಿಯು ಹೇಯವಸ್ತುವಲ್ಲ. ಹಣೆಯಲ್ಲಿ ಧರಿಸುವ ವಿಭೂತಿಯ ಮೂಲವೇ ಅದು. ಸಗಣಿಯ ಉಂಡೆ ಬಿಸಿಲಿನಲ್ಲಿ ಒಣಗಿ, ಅಗ್ನಿಯಲ್ಲಿ ಬೆಂದು, ಶೋಧನೆಗೊಂಡು ನಮ್ಮ ಲಲಾಟವನ್ನು ಸೇರುತ್ತದೆ. ಅದೇ ಸಗಣಿ ಗಾಳಿಯಾಡದ ಗುಂಡಿಯಲ್ಲಿ ಕೊಳೆತಾಗ ಉರಿಯುವ ಅನಿಲವಾಗಿ ಅಡುಗೆಮನೆಗೆ ಬರುತ್ತದೆ. ಉಳಿದ ಬಗ್ಗಡ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಪೂಜೆ, ದಾಸೋಹ, ಕೃಷಿ ಈ ಮೂರಕ್ಕೂ ಒದಗುವ ವಸ್ತು ಬೇರೊಂದಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆ ಗೋಸಂಪತ್ತಿಗೆ ಹೆಸರಾದುದು. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಆರಂಭಗೊಂಡು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ರಾಸುಗಳ ಸಂವರ್ಧನಾ ಕೇಂದ್ರವು ಇಂದಿಗೂ ಅಜ್ಜಂಪುರದಲ್ಲಿದೆ. ಇಂತಹ ನಾಡಿಗೆ ಗೋಬರ್ ಗ್ಯಾಸ್ ಹೇಳಿ ಮಾಡಿಸಿದಂತಿತ್ತು. 1981-82ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಯೋಜನೆ ಆರಂಭವಾಯಿತು. 1984ರಲ್ಲಿ ಕಡಿಮೆ ಖರ್ಚಿನ ದೀನಬಂಧು ಮಾದರಿ ಬಂದಿತು. ಸಹಾಯಧನದಿಂದ ಅನೇಕ ರೈತರು ಗುಂಡಿ ಕಟ್ಟಿಸಿದರು. ಆದರೆ ಇಂದು ನಾವು ಭಕ್ತರ ಊರುಗಳಿಗೆ ಹೋದಾಗ, ಮೇಲೆ ಚಪ್ಪಡಿ ಎಳೆದು ಕೈಬಿಟ್ಟ ಗುಂಡಿಗಳನ್ನೂ ಕಾಣುತ್ತೇವೆ. ಏಕೆ ಬಿಟ್ಟಿರೆಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ಒಲೆ ಹತ್ತಲಿಲ್ಲ, ಬುದ್ಧೀ.”

ಕಳೆದ ವರ್ಷದ ಪುಷ್ಯ ಮಾಸದಲ್ಲಿ ಅಜ್ಜಂಪುರದ ಸಮೀಪದ ಹಳ್ಳಿಯೊಂದರಲ್ಲಿ ಭಕ್ತರ ಮನೆಗೆ ಪಾದಪೂಜೆಗೆಂದು ಹೋಗಿದ್ದೆವು. ಪ್ರಸಾದ ಸಿದ್ಧವಾಗುತ್ತಿದ್ದ ಅಡುಗೆಮನೆಯಿಂದ ದಟ್ಟವಾದ ಹೊಗೆ ಪಡಸಾಲೆಗೆ ಹಬ್ಬಿತ್ತು. ಆ ಮನೆಯ ಹಿರಿಯ ತಾಯಿಗೆ ಮೊದಲೇ ಉಬ್ಬಸ. ಗೋಬರ್ ಗ್ಯಾಸ್ ಒಲೆ ಎರಡು ತಿಂಗಳಿನಿಂದ ಹೊತ್ತಿಕೊಳ್ಳದೆ, ಸೌದೆಯ ಒಲೆಯೇ ಗತಿಯಾಗಿತ್ತು. ನೋಡಲು ಬಂದವರೊಬ್ಬರು ಗುಂಡಿಯೇ ಒಡೆದಿದೆ, ಮುಚ್ಚಿಬಿಡಿ ಎಂದು ಹೇಳಿ ಹೋಗಿದ್ದರಂತೆ. “ಇನ್ನು ಮಣ್ಣು ತುಂಬಿಸೋದೇ ಸರಿ, ಬುದ್ಧೀ” ಎಂದರು ಯಜಮಾನರು. “ಮಣ್ಣು ಯಾವಾಗ ಬೇಕಾದರೂ ತುಂಬಬಹುದು, ಮೊದಲು ಕಾರಣ ತಿಳಿಯೋಣ” ಎಂದೆವು. ಶ್ರೀಮಠದ ಗುಂಡಿಯನ್ನು ನೋಡಿಕೊಳ್ಳುವ ಶಿಷ್ಯನೂ ನಮ್ಮೊಡನೆ ಇದ್ದನು.

ಮೊದಲು ಬಾಗಿಲು ಕಿಟಕಿಗಳನ್ನು ತೆರೆಸಿ, ಸೌದೆಯ ಒಲೆಯನ್ನು ಆರಿಸಿದೆವು. ಪೈಪಿನ ಕೂಡುಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ ನೋಡಲಾಯಿತು. ಎಲ್ಲಿಯೂ ಗುಳ್ಳೆ ಏಳಲಿಲ್ಲ, ಅಂದರೆ ಸೋರಿಕೆಯಿರಲಿಲ್ಲ. ಕೊಳಾಯಿ ತಿರುಗಿಸಿದಾಗ ಗುಳುಗುಳು ಶಬ್ದ ಕೇಳಿಸಿತು. ಅನಿಲವು ಗುಂಡಿಯಿಂದ ತೇವವನ್ನು ಹೊತ್ತುಕೊಂಡೇ ಬರುತ್ತದೆ. ಚಳಿಗೆ ಪೈಪು ತಣ್ಣಗಾದಾಗ ಆ ತೇವ ನೀರಾಗಿ, ಪೈಪು ಜೋತುಬಿದ್ದ ಕಡೆ ನಿಂತು ದಾರಿ ಕಟ್ಟುತ್ತದೆ. ತಗ್ಗಿನಲ್ಲಿದ್ದ ತಿರುಪನ್ನು ಬಿಚ್ಚಿದಾಗ ಚೊಂಬಿನಷ್ಟು ನೀರು ಹೊರಬಿತ್ತು.

ಆದರೂ ಒಲೆ ಸರಿಯಾಗಿ ಉರಿಯಲಿಲ್ಲ. ಹೊತ್ತಿದ ಜ್ವಾಲೆ ಕ್ಷಣದಲ್ಲಿ ನಂದಿತು. ನೋಡಿದರೆ, ಅದು ಸಿಲಿಂಡರ್ ಅನಿಲದ ಒಲೆ. ಹಳೆಯದು ಕುರೂಪವೆಂದು ಮಗನು ಪೇಟೆಯಿಂದ ತಂದದ್ದು. ಸಿಲಿಂಡರಿನ ಅನಿಲಕ್ಕೆ ಒತ್ತಡವೂ ಶಾಖವೂ ಹೆಚ್ಚು, ಆದ್ದರಿಂದ ಅದರ ಜೆಟ್ಟಿನ ರಂಧ್ರ ಬಹಳ ಕಿರಿದು. ಗೋಬರ್ ಗ್ಯಾಸಿನಲ್ಲಿ ಮೀಥೇನ್ ನೂರಕ್ಕೆ 55ರಿಂದ 65 ಭಾಗ ಮಾತ್ರ. ಉಳಿದುದರಲ್ಲಿ ಬಹುಪಾಲು ಉರಿಯದ ಇಂಗಾಲದ ಡೈ ಆಕ್ಸೈಡ್. ಅದಕ್ಕೆ ದೊಡ್ಡ ರಂಧ್ರದ ಒಲೆಯೇ ಬೇಕು. ಅಟ್ಟದ ಮೇಲಿದ್ದ ಹಳೆಯ ಒಲೆಯನ್ನು ಇಳಿಸಿ, ಜೆಟ್ಟಿನಲ್ಲಿ ಕಟ್ಟಿದ್ದ ಕಸ ತೆಗೆದು, ಗಾಳಿಯ ಕಿಂಡಿಯನ್ನು ಹಿತವಾಗಿ ಹೊಂದಿಸಿದಾಗ ನೀಲಿ ಜ್ವಾಲೆ ನಿಂತಿತು. ಸೊಸೆಯ ಕಣ್ಣಲ್ಲಿ ನೀರಾಡಿತು. ಆಗ ಮನೆಯಲ್ಲಿ ಹೊಗೆಯಿರಲಿಲ್ಲ.

ಅರ್ಧ ಗಂಟೆಯಲ್ಲಿ ಜ್ವಾಲೆ ಕುಗ್ಗಿತು. ಮೂಲ ಕಾರಣ ಆಗ ಹೊರಬಂದಿತು. ಅವರದು ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಡುವ, ಎರಡು ಘನಮೀಟರಿನ ಗುಂಡಿ. ದೊಡ್ಡ ರಾಸೊಂದು ದಿನಕ್ಕೆ ಕೊಡುವುದು ಹತ್ತು ಕಿಲೋದಷ್ಟು. ಹಿಂದೆ ಕೊಟ್ಟಿಗೆಯಲ್ಲಿ ಎಂಟು ರಾಸುಗಳಿದ್ದವು, ಈಗ ಮೂರು. ಸಾಲದುದಕ್ಕೆ ಕೊಟ್ಟಿಗೆಯನ್ನು ಫಿನಾಯಿಲಿನಿಂದ ತೊಳೆದ ನೀರೂ ಗುಂಡಿಗೇ ಸೇರುತ್ತಿತ್ತು. ಸಗಣಿಯನ್ನು ಅನಿಲವಾಗಿಸುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ವಿಷ ಬಿದ್ದರೆ ಅವು ಸಾಯುತ್ತವೆ, ಚಳಿಯಲ್ಲಿ ಮಂದವಾಗುತ್ತವೆ. ಫಿನಾಯಿಲ್ ನಿಲ್ಲಿಸಿ, ನೆರೆಮನೆಯ ಸಗಣಿಯನ್ನೂ ಸೇರಿಸಿ, ಸಗಣಿಯಷ್ಟೇ ನೀರು ಬೆರೆಸಿ ದಿನವೂ ಹಾಕಲು ತಿಳಿಸಿದೆವು. ಪ್ರತಿಯಾಗಿ ನೆರೆಯವರಿಗೆ ಬಗ್ಗಡದ ಗೊಬ್ಬರ. ಯುಗಾದಿಯ ಹೊತ್ತಿಗೆ ಎರಡು ಹೊತ್ತಿನ ಅಡುಗೆಯೂ ಅದರಲ್ಲೇ ಆಗುತ್ತಿದೆಯೆಂಬ ಸುದ್ದಿ ಬಂದಿತು.

ಭಕ್ತರು ಮೂರು ಮಾತುಗಳನ್ನು ಮರೆಯಬಾರದು. ಹೊಸದಾಗಿ ತುಂಬಿದ ಗುಂಡಿಯ ಮೊದಲ ಅನಿಲ ಉರಿಯುವುದಿಲ್ಲ. ಅದನ್ನು ಬೆಂಕಿಯಿಂದ ದೂರ, ಬಯಲಿಗೆ ಬಿಡಬೇಕೇ ಹೊರತು ಗುಂಡಿ ಕೆಟ್ಟಿತೆಂದು ಕೈಚೆಲ್ಲಬಾರದು. ಸೋರಿಕೆಯನ್ನು ಬೆಂಕಿಕಡ್ಡಿ ಗೀರಿ ಎಂದಿಗೂ ಹುಡುಕಬಾರದು. ಸಿಲಿಂಡರ್ ಅನಿಲದ ವಾಸನೆ ಬಂದರೆ ದೀಪದ ಸ್ವಿಚ್ಚನ್ನೂ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗುಂಡಿಯೊಳಕ್ಕೆ ಯಾರೂ ಇಳಿಯಬಾರದು. ಅಲ್ಲಿ ಪ್ರಾಣವಾಯುವಿರುವುದಿಲ್ಲ, ಒಬ್ಬನು ಬಿದ್ದನೆಂದು ಎತ್ತಲು ಇಳಿದ ಎರಡನೆಯವನೂ ಪ್ರಾಣ ಕಳೆದುಕೊಳ್ಳುತ್ತಾನೆ.

ಒಲೆ ಹೊತ್ತದಿದ್ದರೆ ಕಡ್ಡಿಯ ಮೇಲೆ ಕಡ್ಡಿ ಗೀರುವುದು ಮನುಷ್ಯ ಸ್ವಭಾವ. ಮಕ್ಕಳು ಓದದಿದ್ದರೆ ಗದರುತ್ತೇವೆ, ಊರು ಒಂದಾಗದಿದ್ದರೆ ಭಾಷಣ ಮಾಡುತ್ತೇವೆ. ಅವೂ ಕಡ್ಡಿ ಗೀರಿದಂತೆಯೇ. ದಾರಿ ಕಟ್ಟಿದ ನೀರು ಎಲ್ಲಿದೆ, ಒಳಗೆ ಬಿದ್ದ ವಿಷ ಯಾವುದು, ದಿನದಿನವೂ ಹಾಕಬೇಕಾದುದನ್ನು ಹಾಕುತ್ತಿದ್ದೇವೆಯೇ ಎಂದು ಕ್ರಮವಾಗಿ ನೋಡುವ ತಾಳ್ಮೆಯೂ ಕಾಯಕವೇ. ಚಳಿಗಾಲ ಬರುವ ಮುನ್ನ ಭಕ್ತರು ತಮ್ಮ ತಮ್ಮ ಗುಂಡಿ, ಪೈಪು, ಒಲೆಗಳನ್ನು ಒಮ್ಮೆ ಪರೀಕ್ಷಿಸಿಕೊಳ್ಳಲಿ. ಮನೆಯ ತಾಯಂದಿರ ಉಸಿರು ಹಗುರವಾಗಲಿ.