ಯಾವ ಸ್ಟೇಷನ್ನಿನಲ್ಲಿ ಇಳಿಯೋಣ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಮಾಡಿದವರು ಖಂಡಿತ ಮುಂಬಯಿಯವರಲ್ಲ. ಇಲ್ಲಿ ಮನೆ ಕಟ್ಟುವ ಮಾತೆಲ್ಲಿ ಬಂತು? ಹುಡುಕುವುದೇ ಒಂದು ದೊಡ್ಡ ಯಜ್ಞ. ಕೆಲವು ತಿಂಗಳಿಂದ ನಮ್ಮ ಮನೆಯಲ್ಲಿ ಆ ಯಜ್ಞ ನಡೆಯುತ್ತಿದೆ. ಮಗ-ಸೊಸೆಗೆ ಸ್ವಂತದ ಬ್ಲಾಕು ಬೇಕು. ಸೊಸೆಗೆ ಈಗ ಐದು ತಿಂಗಳು. ಭಾನುವಾರ ಬಂತೆಂದರೆ ಬಿಲ್ಡರುಗಳ ಬಣ್ಣದ ಪುಸ್ತಕಗಳು ಊಟದ ಮೇಜಿನ ತುಂಬ. ಒಂದರಲ್ಲಿ ಈಜುಕೊಳ, ಇನ್ನೊಂದರಲ್ಲಿ ಇಪ್ಪತ್ತೆಂಟನೆಯ ಮಹಡಿಯಿಂದ ಕಾಣುವ ಸೂರ್ಯಾಸ್ತ!

"ಅತ್ತೆ, ನೀವೇ ಹೇಳಿ. ಮಕ್ಕಳನ್ನು ಬೆಳೆಸುವುದಕ್ಕೆ ಯಾವ ಉಪನಗರ ಒಳ್ಳೆಯದು?" ಎಂದಳು ಸೊಸೆ. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನಿಮ್ಮಲ್ಲಿಯೂ ಅನೇಕರು ಈಗ ಮನೆ ಹುಡುಕುವ ವಯಸ್ಸಿನವರು. ಆದ್ದರಿಂದ ಅವಳಿಗೆ ಆಮೇಲೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ನಾನು 1994ರಲ್ಲಿ ಮದುವೆಯಾಗಿ ಬಂದದ್ದು ಮಾಟುಂಗಕ್ಕೆ. 1896ರ ಪ್ಲೇಗಿನ ನಂತರ, ಊರಿನ ಜನಸಂದಣಿ ಕಡಿಮೆ ಮಾಡಬೇಕೆಂದು ಅಂದಿನ ಇಂಪ್ರೂವ್‌ಮೆಂಟ್ ಟ್ರಸ್ಟು ನಕ್ಷೆ ಹಾಕಿ ಬೆಳೆಸಿದ ಭಾಗ ಅದು. ಅಗಲವಾದ ರಸ್ತೆ, ಮರಗಳು, ಫೈವ್ ಗಾರ್ಡನ್ಸ್. ಮಲ್ಲಿಗೆ, ಬಾಳೆಲೆ, ಕಾಫಿಪುಡಿ ಎಲ್ಲವೂ ಕಾಲ್ನಡಿಗೆಯಲ್ಲಿ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನೂ ಅಲ್ಲೇ. ಆದರೆ ನಮಗಿದ್ದದ್ದು ಹಳೆಯ ಕಟ್ಟಡದ ಒಂದೇ ಕೋಣೆ. 1996ರಲ್ಲಿ ಮಗ ಹುಟ್ಟಿದಾಗ ಅದರಲ್ಲಿ ಐದು ಜನರಾದೆವು. ತೊಟ್ಟಿಲು ಕಟ್ಟಿದರೆ ಮಾವನವರು ಕಾಲು ಚಾಚುವಂತಿರಲಿಲ್ಲ.

ಹಾಗಾಗಿ 1998ರಲ್ಲಿ ಮನೆ ಹುಡುಕಲು ಹೊರಟೆವು. ಘಾಟ್‌ಕೋಪರ್ ನೋಡಿದೆವು, ಮುಲುಂಡ್ ನೋಡಿದೆವು, ಥಾಣೆ ನೋಡಿದೆವು. ಸ್ಟೇಷನ್ ಒಂದೊಂದೇ ದಾಟಿದಂತೆ ಬೆಲೆ ಇಳಿಯುತ್ತ ಹೋಯಿತು. ನಮ್ಮ ಕೈಗೆಟುಕಿದ ಕಡೆ ನಾವು ಇಳಿದೆವು. ಅದು ಡೊಂಬಿವಲಿ. ಎರಡು ಕೋಣೆ, ಅಡಿಗೆಮನೆ, ತುಳಸಿ ಇಡಲು ಬಾಲ್ಕನಿ. ಸಂತೋಷದಿಂದ ಹಾಲು ಉಕ್ಕಿಸಿದೆವು.

ದುಡ್ಡಿನ ಲೆಕ್ಕವನ್ನೇನೋ ಸರಿಯಾಗಿ ಹಾಕಿದ್ದೆವು. ಹೊತ್ತಿನ ಲೆಕ್ಕ ಹಾಕಿರಲಿಲ್ಲ. ನಮ್ಮವರ ಕಚೇರಿ ಫೋರ್ಟಿನಲ್ಲಿ. ಮನೆ ಬಾಗಿಲಿನಿಂದ ಕಚೇರಿ ಬಾಗಿಲಿಗೆ, ಹೋಗಿ ಬರಲು ದಿನಕ್ಕೆ ಮೂರೂವರೆ ಗಂಟೆ. ವರ್ಷಕ್ಕೆ 280 ದಿನವೆಂದರೆ 980 ಗಂಟೆ. ಹಗಲು ರಾತ್ರಿ ಸೇರಿಸಿ ನಲವತ್ತು ದಿನ! ಇಪ್ಪತ್ತು ವರ್ಷದಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಅವರು ರೈಲಿನಲ್ಲೇ ನಿಂತಿದ್ದರು.

ಮಗನಿಗೆ ಕನ್ನಡ ಓದುಬರಹ ತಾನೇ ಕಲಿಸಬೇಕೆಂದು ಅವರು ಆಸೆಯಿಂದ ಒಂದು ಸ್ಲೇಟು ತಂದಿದ್ದರು. ಅವರು ಮನೆ ಸೇರುವ ಹೊತ್ತಿಗೆ ಮಗುವಿಗೆ ನಿದ್ದೆ. ಭಾನುವಾರ ಅವರಿಗೇ ನಿದ್ದೆ. ಪಾಠ ಸ್ವರಗಳನ್ನು ದಾಟಲಿಲ್ಲ. ನಾನಾದರೂ ಕಲಿಸಬಹುದಿತ್ತು. ಅವರ ಆಸೆಯಲ್ಲವೇ, ನಾಳೆ ಕಲಿಸುತ್ತಾರೆ ಎಂದು ಸುಮ್ಮನಿದ್ದೆ. ಅಲ್ಲಿನ ಕರ್ನಾಟಕ ಸಂಘ ನಮಗೆ ದೂರವೇನೂ ಇರಲಿಲ್ಲ. ಅಂದಮೇಲೆ ಆ ತಪ್ಪನ್ನು ಡೊಂಬಿವಲಿಯ ಮೇಲೆ ಹೊರಿಸಲಾರೆ. ಮಗ ಚೆನ್ನಾಗಿ ಕನ್ನಡ ಮಾತಾಡುತ್ತಾನೆ, ಆದರೆ ಓದಲಾರ. ಈ ಲೇಖನವನ್ನೂ ನಾನೇ ಅವನಿಗೆ ಓದಿ ಹೇಳಬೇಕು.

ಇದೇ ಊರಿನ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಅಂದು ನಾನು ಕಾಯಿಲೆಯ ಅತ್ತೆಯವರನ್ನು ನೋಡಲು ಮಾಟುಂಗಕ್ಕೆ ಹೋಗಿದ್ದೆ, ನಮ್ಮವರು ಫೋರ್ಟಿನಲ್ಲಿ. ರೈಲು ನಿಂತಿತು, ಫೋನು ಸತ್ತಿತು. ಒಂಬತ್ತು ವರ್ಷದ ಮಗ ಶಾಲೆಯಿಂದ ಬಂದು ಬೀಗ ಹಾಕಿದ ಬಾಗಿಲು ನೋಡಿರುತ್ತಾನಲ್ಲ ಎಂದು ರಾತ್ರಿಯಿಡೀ ನನಗೆ ಕಣ್ಣು ಮುಚ್ಚಲಾಗಲಿಲ್ಲ. ಒಂದಿಷ್ಟು ನಡೆದು, ಒಂದಿಷ್ಟು ಲಾರಿಯಲ್ಲಿ, ನಾವು ಮನೆ ಮುಟ್ಟಿದ್ದು ಮರುದಿನ ರಾತ್ರಿ. ನೋಡಿದರೆ ಎದುರುಮನೆಯ ಮರಾಠಿ ಕಾಕೂ ಅವನಿಗೆ ಥಾಲಿಪೀಠ ಮಾಡಿ ತಿನ್ನಿಸಿದ್ದರು. ಮೊಮ್ಮಕ್ಕಳ ಜೊತೆ ಕೇರಂ ಆಡುತ್ತಿದ್ದ. "ಅಮ್ಮ, ಇನ್ನೊಂದು ಆಟ" ಎಂದ! ನಾನು ಕಾಕೂ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಆ ಕಾಕೂ ಯಾವ ಬಿಲ್ಡರನ ಪುಸ್ತಕದಲ್ಲೂ ಇರುವುದಿಲ್ಲ. ಎತ್ತರದ ಕಟ್ಟಡಗಳಲ್ಲಿ ಅಂಥವರು ಇರುವುದೇ ಇಲ್ಲವೆಂದಲ್ಲ. ಆದರೆ ಹೋಗಿ ನೋಡದೆ ತಿಳಿಯದು.

ಆದ್ದರಿಂದ ಸೊಸೆಗೆ ನಾನು ಉಪನಗರದ ಹೆಸರು ಹೇಳಲಿಲ್ಲ. ಬೊರಿವಲಿಯವರಿಗೆ ಪಕ್ಕದಲ್ಲೇ ನೂರು ಚದರ ಕಿಲೋಮೀಟರಿನ ಕಾಡು. ನವಿ ಮುಂಬಯಿಯವರಿಗೆ ನಕ್ಷೆ ಹಾಕಿ ಮಾಡಿದ ಅಗಲ ರಸ್ತೆ. ಒಂದೊಂದಕ್ಕೂ ಒಂದೊಂದು ಗುಣ. ಈಗ ಕಚೇರಿಗಳೂ ಫೋರ್ಟಿನಲ್ಲೇ ಉಳಿದಿಲ್ಲ. ಮಗನದು ಐರೋಲಿ, ಸೊಸೆಯದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್. "ನಿಮ್ಮಿಬ್ಬರ ಹೊತ್ತನ್ನೂ ಕೂಡಿಸಿ ನೋಡಿ" ಎಂದೆ, "ಅದೂ ಸೋಮವಾರ ಬೆಳಿಗ್ಗೆ ಹೊರಟು, ಭಾನುವಾರ ಮಧ್ಯಾಹ್ನ ಬಿಲ್ಡರನ ಕಾರಿನಲ್ಲಲ್ಲ. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ, ನಲ್ಲಿಯಲ್ಲಿ ಎಷ್ಟು ಹೊತ್ತು ಬರುತ್ತದೆ ಎಂದು ಮೂಲೆಯ ಕಿರಾಣಿಯವನನ್ನು ಕೇಳಿ. ಹತ್ತು ವರ್ಷದ ಮಗು ಹೈವೇ ದಾಟದೆ ಒಬ್ಬನೇ ಹೋಗಿ ಕೊತ್ತಂಬರಿ ಸೊಪ್ಪು ತರಬಹುದೇ ನೋಡಿ. ಸಂಜೆ ಕೆಳಗೆ ಮುದುಕರು ಕೂತಿರುತ್ತಾರೆಯೇ ನೋಡಿ. ಇವೆಲ್ಲ ಸರಿಯಿದ್ದರೆ ಒಂದು ಕೋಣೆ ಕಡಿಮೆಯಾದರೂ ಚಿಂತೆಯಿಲ್ಲ."

ಇಷ್ಟು ಹೊತ್ತು ಪೇಪರಿನ ಹಿಂದೆ ಇದ್ದ ನಮ್ಮವರು ಈಗ ನಿವೃತ್ತರು. ಪೇಪರ್ ಮಡಿಸಿ ಒಂದೇ ಮಾತು ಕೇಳಿದರು: "ನಮ್ಮ ಮನೆಯಿಂದ ಎಷ್ಟು ಸ್ಟೇಷನ್ ಆಗುತ್ತೆ?"

"ಯಾಕಪ್ಪಾ?" ಎಂದ ಮಗ.

ಅವರು ಏನೂ ಹೇಳಲಿಲ್ಲ. ಮರುದಿನ ನೋಡುತ್ತೇನೆ, ಸ್ಟೂಲು ಹತ್ತಿ ಅಟ್ಟದ ಮೇಲೆ ಹುಡುಕುತ್ತಿದ್ದಾರೆ. ಸ್ಲೇಟು ಸಿಕ್ಕಿತು. ಚೌಕಟ್ಟಿನ ಒಂದು ಮೂಲೆ ಬಿಟ್ಟಿದೆ, ಅಷ್ಟೇ.