ತೊಟ್ಟಿಲಿನ ಹಗ್ಗ

ಐದು ತಿಂಗಳ ನನ್ನ ಮಗಳು ಹಗಲು ಹೊತ್ತು ಮಲಗುತ್ತಿದ್ದದ್ದು ಲೆಕ್ಕ ಹಾಕಿದ ಹಾಗೆ 40 ನಿಮಿಷ. ಬಟ್ಟೆ ಒಣಹಾಕಿ, ಎರಡು ತುತ್ತು ಉಂಡು, ಲ್ಯಾಪ್‌ಟಾಪ್ ತೆರೆದು, ನಿನ್ನೆ ಎಲ್ಲಿ ನಿಲ್ಲಿಸಿದ್ದೆ ಎಂದು ಹುಡುಕುವಷ್ಟರಲ್ಲಿ ಒಳಗಿನಿಂದ ಅಳು. ಪಿಎಚ್‌ಡಿ ಪ್ರಬಂಧದ ಕೊನೆಯ ಅಧ್ಯಾಯ ಎರಡು ತಿಂಗಳಿಂದ ಒಂದೇ ವಾಕ್ಯದಲ್ಲಿ ನಿಂತಿತ್ತು.

ಮಾಡದ ಉಪಾಯವಿಲ್ಲ. ಕಿಟಕಿಗೆ ಕಪ್ಪು ಪರದೆ ಕಟ್ಟಿದೆ. ಕುಕ್ಕರ್ ಕೂಗಬಾರದೆಂದು ಮಧ್ಯಾಹ್ನದ ಅನ್ನವನ್ನು ಬೆಳಿಗ್ಗೆಯೇ ಮಾಡಿಟ್ಟೆ. ಬೀದಿಯಲ್ಲಿ ಸೊಪ್ಪು ಮಾರುವವರ ದನಿ ಕೇಳಿಸದಿರಲೆಂದು ಫ್ಯಾನ್ ಜೋರು ಮಾಡಿದೆ. ಓದಿ ತಿಳಿದದ್ದೂ ಇತ್ತು: ಈ ವಯಸ್ಸಿನ ಮಕ್ಕಳ ನಿದ್ದೆಯ ಒಂದು ಸುತ್ತು ಮುಕ್ಕಾಲು ಗಂಟೆಯ ಆಸುಪಾಸು. ಸುತ್ತು ಮುಗಿಯುವಾಗ ನಿದ್ದೆ ತೆಳುವಾಗುತ್ತದೆ. ಮುಂದಿನ ಸುತ್ತಿಗೆ ದಾಟಲು ಬಾರದ ಮಗು ಎದ್ದುಬಿಡುತ್ತದೆ. ಆರು ತಿಂಗಳೊಳಗೆ ಇದು ಸಹಜ. ಸಹಜ ಎಂದು ತಿಳಿದರೆ ಅಧ್ಯಾಯ ಮುಗಿಯುವುದಿಲ್ಲವಲ್ಲ! ಕೊನೆಕೊನೆಗೆ ಅವಳ ಅಳು ಕೇಳಿದರೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿಗೆ ನಾಚಿಕೆಯೂ ಆಗುತ್ತಿತ್ತು.

ಪುತ್ತೂರಿನಿಂದ ಅಮ್ಮ ಹತ್ತು ದಿನಕ್ಕೆಂದು ಮೈಸೂರಿಗೆ ಬಂದಳು. ಮೊದಲ ಮಧ್ಯಾಹ್ನ ಮಗುವನ್ನು ಅಂಗಾತ ಮಲಗಿಸಿ, ಪಕ್ಕದಲ್ಲೇ ಗೋಡೆಗೊರಗಿ ಕುಳಿತಳು. ಅರ್ಧ ಗಂಟೆ ದಾಟಿರಬೇಕು. ಮಗು ಮುಖ ಕಿವುಚಿತು, ಕಾಲು ಒದೆಯಿತು, ಸಣ್ಣಗೆ ಮುಲುಗಿತು. ಎತ್ತಿಕೊಳ್ಳಲು ಬಗ್ಗಿದ ನನ್ನ ಕೈಯನ್ನು ಅಮ್ಮ ಹಿಡಿದು ತಡೆದಳು.

"ಅದು ಎದ್ದದ್ದಲ್ಲ. ನೀನೇ ಎಬ್ಬಿಸ್ತಾ ಇದ್ದಿ."

ಹೊಟ್ಟೆಯ ಮೇಲೆ ಹಗುರವಾಗಿ ಅಂಗೈ ಇಟ್ಟು ಸುಮ್ಮನಾದಳು. ಮಗು ದೀರ್ಘವಾಗಿ ಒಂದು ಉಸಿರು ಬಿಟ್ಟು ಮತ್ತೆ ನಿದ್ದೆಗಿಳಿಯಿತು. ಒಟ್ಟು ಒಂದೂಕಾಲು ಗಂಟೆ!

"ಹೇಗೆ ಗೊತ್ತಾಯ್ತಮ್ಮ?"

"ಹಗ್ಗ ಕಲಿಸಿದ್ದು," ಅಂದಳು.

ನಾನು ಹುಟ್ಟಿದಾಗ ಅಮ್ಮ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಳು. ಹೊಗೆಸೊಪ್ಪಿನ ಘಾಟು ತಾಗದಿರಲೆಂದು ತೊಟ್ಟಿಲು ಒಳಕೋಣೆಯಲ್ಲಿ. ಅದರ ಹಗ್ಗ ಹೊಸ್ತಿಲು ದಾಟಿ ಬಂದು ಅವಳ ಕಾಲಿನ ಹೆಬ್ಬೆರಳಿಗೆ. ಮಡಿಲಲ್ಲಿ ಮೊರ, ಕೈಯಲ್ಲಿ ಎಲೆ, ನೂಲು. ನಾನು ಮಿಸುಕಿದರೆ ಹಗ್ಗ ನಡುಗುತ್ತಿತ್ತಂತೆ. ಅಳುವ ಮೊದಲೇ ಅವಳು ಕಾಲು ಆಡಿಸುತ್ತಿದ್ದಳು.

"ನೀನು ಎದ್ದರೆ ಸಾವಿರ ಆಗ್ತಿರಲಿಲ್ಲ. ಸಂಜೆ ಬ್ರಾಂಚಿಗೆ ಕೊಂಡುಹೋಗ್ಬೇಕಲ್ಲ? ಇದೊಂದು ಇನ್ನು ಸ್ವಲ್ಪ ಮಲಗಲಿ ದೇವರೇ ಅಂತ ಎಷ್ಟು ಸಲ ಬೇಡಿದ್ದೇನೋ. ಸಿಟ್ಟೂ ಬರ್ತಿತ್ತು."

ಎಷ್ಟು ಸಲೀಸಾಗಿ ಹೇಳಿದಳು! ನನ್ನ ಹೈಸ್ಕೂಲಿನ ಫೀಸು ಬೀಡಿಯ ದುಡ್ಡೆಂದು ಗೊತ್ತಿತ್ತು. ಆ ದುಡ್ಡಿನಲ್ಲಿ ನನ್ನ ನಿದ್ದೆಯ ಪಾಲೂ ಇತ್ತೆಂದು ಗೊತ್ತಿರಲಿಲ್ಲ.

ಅಮ್ಮ ಊರಿಗೆ ಹೋದ ಮರುದಿನ ಲ್ಯಾಪ್‌ಟಾಪನ್ನು ಮಗುವಿನ ಹಾಸಿಗೆಯ ಪಕ್ಕಕ್ಕೇ ತಂದು ನೆಲದ ಮೇಲೆ ಕುಳಿತೆ. ಅವಳು ಮಿಸುಕಿದಾಗ ಎಡಗೈಯನ್ನು ಹೊಟ್ಟೆಯ ಮೇಲಿಟ್ಟು, ಬಲಗೈಯ ಒಂದೇ ಬೆರಳಿನಲ್ಲಿ ಟೈಪು ಮಾಡಿದೆ. ಎಲ್ಲ ದಿನವೂ ಇದು ಫಲಿಸುವುದಿಲ್ಲ. ಕೆಲವು ಸಲ ಅವಳು ಎದ್ದೇ ಏಳುತ್ತಾಳೆ, ಆಗ ಎತ್ತಿಕೊಳ್ಳುತ್ತೇನೆ. ಆ ದಿನ ಮಲಗಿದಳು. ಒಂದು ಪುಟ ಆಯಿತು.

ಸಂಜೆ ಅಮ್ಮನಿಗೆ ಫೋನು ಮಾಡಿದೆ.

"ಇವತ್ತು ಎಷ್ಟು ಕಟ್ಟಿದಿ?" ಅಂದಳು.